ಕಾಗೆ ಹಾರಿದರೆ ತೀರ್ಮಾನ

ಹೂಂ ಅನ್ನುವವರಿದ್ದರೆ ಕಥೆ, ಇಲ್ಲದಿದ್ದರೆ ಬರೀ ಗಾಳಿ. ಹೂಂ ಅಂತೀರಾ? ಹಾಗಾದರೆ ಕೇಳಿ.

ಏಳು ಹಳ್ಳ ದಾಟಿ ಹೋದರೆ ಒಂದು ಊರು. ಎಂಟನೆಯ ಹಳ್ಳ ದಾಟಲಾಗದೆ ಅಲ್ಲೇ ಉಳಿದುಬಿಟ್ಟ ಊರು ಅದು. ಊರ ಮುಂದೆ ಒಂದು ಗೋಣಿಮರ. ಮರದ ತುಂಬ ಕಾಗೆಗಳು. ಮರದ ಬುಡದಲ್ಲಿ ಊರ ಕೂಟ.

ಆ ಊರಿನ ಕಟ್ಟಳೆ ಏನು ಗೊತ್ತೇ? ಯಾವ ವಿಷಯ ಬಂದರೂ ಎರಡು ಕಡೆಯವರು ಎದುರುಬದುರು ನಿಲ್ಲಬೇಕು. ಒಂದು ಕಡೆಯವರು "ಬೇಕು" ಎಂದು ಕೂಗಬೇಕು, ಇನ್ನೊಂದು ಕಡೆಯವರು "ಬೇಡ" ಎಂದು ಕೂಗಬೇಕು. ಯಾರ ಕೂಗಿಗೆ ಮರದ ಕಾಗೆಗಳು ಎದ್ದು ಹಾರುತ್ತವೋ ಅವರು ಗೆದ್ದರು. ತಲೆ ಎಣಿಸುವ ಕೆಲಸವಿಲ್ಲ. ತಲೆ ಓಡಿಸುವ ಕೆಲಸ ಮೊದಲೇ ಇಲ್ಲ.

ಅಂಥ ಊರಲ್ಲಿ ಗೆಲ್ಲುವವರು ಯಾರು? ಗಂಟಲಿದ್ದವರು. ಗಂಟಲು ಯಾರಿಗಿತ್ತು? ಮುದ್ದಯ್ಯನಿಗೆ. ಅವನು ಆಕಳಿಸಿದರೆ ಪಕ್ಕದ ಊರಿನ ತೊಟ್ಟಿಲ ಕೂಸು ಏಳುತ್ತಿತ್ತು.

ಗಂಟಲೇ ಇಲ್ಲದವಳು ದ್ಯಾವಕ್ಕ. ಹಿಂದಿನ ಮಳೆಗಾಲದಲ್ಲಿ ಅವಳ ಗಂಡ ಆ ಎಂಟನೆಯ ಹಳ್ಳ ದಾಟುವಾಗ ಸೆಳವಿಗೆ ಸಿಕ್ಕಿ ಹೋಗಿದ್ದ. ದಡದಲ್ಲಿ ನಿಂತು ಕೂಗಿ ಕೂಗಿ ಅವಳ ದನಿ ಒಡೆಯಿತು. ಒಡೆದದ್ದು ಮತ್ತೆ ಕೂಡಲಿಲ್ಲ. ಹಳ್ಳಕ್ಕೆ ಎರಡು ದಿಮ್ಮಿ ಹಾಸಿ ಒಂದು ಕಾಲುಸಂಕ ಹಾಕಬೇಕು, ಇನ್ನೊಬ್ಬಳು ಆ ದಡದಲ್ಲಿ ನಿಂತು ಕೂಗಬಾರದು. ಅವಳಿಗಿದ್ದ ಆಸೆ ಇಷ್ಟೇ.

ಮೊದಲ ಕೂಟ. "ಹಳ್ಳಕ್ಕೊಂದು ಸಂಕ ಬೇಕು ಕಣ್ರಪ್ಪಾ," ಎಂದಳು. ಪಕ್ಕದವರಿಗೂ ಕೇಳಲಿಲ್ಲ. ಮುದ್ದಯ್ಯ ಎದ್ದು "ಬೇಡ!" ಎಂದ. ಕಾಗೆಗಳು ಭರ್ರೆಂದು ಹಾರಿದವು. ಮುಗಿಯಿತು.

ಎರಡನೆಯ ಕೂಟ. ಕೇರಿಯ ಹೆಂಗಸರೆಲ್ಲ ಅವಳ ಜೊತೆ ನಿಂತು "ಬೇಕು!" ಎಂದರು. ಕಾಗೆಗಳು ಕತ್ತು ಓರೆ ಮಾಡಿ ನೋಡಿದವು, ಅಷ್ಟೇ. ಮುದ್ದಯ್ಯ "ಬೇಡ!" ಎಂದ. ಭರ್ರ್!

"ಯಾಕೆ ಬೇಡ ಅಣ್ಣಾ?" ಎಂದು ದ್ಯಾವಕ್ಕ ಅವನ ಹತ್ತಿರವೇ ಹೋಗಿ ಕೇಳಿದಳು.

ಪಟೇಲ ಹಲಗೇಗೌಡರು ಆಗಲೇ ಪಂಚೆ ಕೊಡವಿ ಎದ್ದಿದ್ದರು. "ಕಾಗೆ ಹಾರಿತಲ್ಲ ತಾಯಿ, ಇನ್ನು ಯಾಕೆ ಅಂತ ಯಾಕೆ?"

ಅಷ್ಟರಲ್ಲಿ ಗಂಡನ ತಿಥಿ ಬಂತು. ಹಿತ್ತಲಲ್ಲಿ ಎಲೆ ಹಾಕಿ, ಎಡೆ ಇಟ್ಟು, ಕಾಗೆಯನ್ನು ಕರೆಯಲು ಬಾಯಿ ತೆರೆದಳು. ದನಿ ಹೊರಡಲಿಲ್ಲ. ಕಾಗೆ ಬರಲಿಲ್ಲ. ಕಾಗೆ ಎಡೆ ಮುಟ್ಟದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆ ಅಂತಾರಲ್ಲ? "ಗೊತ್ತು ಬಿಡಿ, ನಿಮಗೂ ಸಂಕದ್ದೇ ಚಿಂತೆ," ಎಂದುಕೊಂಡಳು. ಒಳಗೆ ಹೋಗಿ ಅವನು ಉಣ್ಣುತ್ತಿದ್ದ ಕಂಚಿನ ತಟ್ಟೆ ತಂದಳು. ಸೌಟಿನಿಂದ ಬಡಿದಳು. ಢಣ್!

ಅಂದಿನಿಂದ ದಿನವೂ ಒಂದು ತುತ್ತು ಅನ್ನ, ದಿನವೂ ಢಣ್. ಮೊದಲು ಕಾಗೆಗಳು ಹೆದರಿ ಓಡಿದವು. ಆಮೇಲೆ ದೂರ ಕೂತು ನೋಡಿದವು. ಆಮೇಲೆ ಢಣ್ ಎಂದರೆ ಸಾಕು, ಗೋಣಿಮರವೆಲ್ಲ ಬರಿದಾಗಿ ಹಿತ್ತಲು ಕಪ್ಪಾಗುತ್ತಿತ್ತು. ಗದ್ದಲ ಇದ್ದಲ್ಲಿ ಅನ್ನ! ಕಾಗೆ ಕಲಿತದ್ದು ಅದನ್ನೇ.

ಒಂದು ದಿನ ಪಕ್ಕದ ಮನೆಯ ಅತ್ತೆ ಸೊಸೆಯನ್ನು ಕೂಗಿ ಬೈದಳು. ಕಾಗೆಗಳೆಲ್ಲ ಬಂದು ಅತ್ತೆಯ ಮುಂದೆ ಸಾಲಾಗಿ ಕೂತು ಬಾಯಿ ತೆರೆದವು. ಅತ್ತೆಗೆ ಮಾತೇ ಮರೆತುಹೋಯಿತು. ಗಂಡ ಹೋದ ಮೇಲೆ ದ್ಯಾವಕ್ಕ ನಕ್ಕಿದ್ದು ಅವತ್ತೇ. ನಕ್ಕವಳು ನೆಟ್ಟಗೆ ಪಟೇಲರ ಮನೆಗೆ ನಡೆದಳು. "ಇನ್ನೊಂದೇ ಒಂದು ಕೂಟ ಕರೀರಿ ಗೌಡ್ರೇ."

ಮೂರನೆಯ ಕೂಟ. ಮುದ್ದಯ್ಯ ಎದ್ದ, ಎದೆ ಉಬ್ಬಿಸಿದ. "ಬೇಡ!"

ಕಾಗೆಗಳು ಎದ್ದವು. ಆದರೆ ಹಾರಿದ್ದು ಎಲ್ಲಿಗೆ? ಕೆಳಕ್ಕೆ! ಒಂದು ಬಂದು ಮುದ್ದಯ್ಯನ ಮುಂಡಾಸಿನ ಮೇಲೆ ಕೂತಿತು. ಕಾಗೆ ತಲೆ ಮುಟ್ಟಿದರೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕೇ? ಅಪಶಕುನ. ತಣ್ಣೀರು ಸುರಿದುಕೊಳ್ಳಬೇಕು, ಶನಿದೇವರಿಗೆ ಎಳ್ಳೆಣ್ಣೆ ದೀಪ ಹಚ್ಚಬೇಕು. "ಅಯ್ಯಯ್ಯೋ!" ಎಂದು ಮುದ್ದಯ್ಯ ಅರಚಿದ. ಇನ್ನೆರಡು ಇಳಿದು ಹೆಗಲ ಮೇಲೆ ಕೂತವು. "ಓಡಿಸ್ರೋ!" ಎಂದು ಪಟೇಲರು ಗದರಿದರು. ಅವರ ಬೋಳುತಲೆಗೂ ಒಂದು ಬಂತು.

"ಮೆಲ್ಲಗೆ ಮಾತಾಡಿ," ಎಂದಳು ದ್ಯಾವಕ್ಕ.

ಇಡೀ ಊರು ಉಸಿರು ಬಿಗಿಹಿಡಿದಿತ್ತು ನೋಡಿ, ಅವಳ ಒಡಕು ದನಿ ಕಡೆಯ ಸಾಲಿನವರಿಗೂ ಕೇಳಿತು. "ಈಗ ಹೇಳು ಅಣ್ಣಾ. ಯಾಕೆ ಬೇಡ?"

ಮುದ್ದಯ್ಯ ತುಟಿ ಮಾತ್ರ ಆಡಿಸಿದ. "ಸಂಕ ಹಾಕಿದರೆ ಆಚೆಯ ಮೇಕೆಗಳು ದಾಟಿ ಬರ್ತವೆ ಅಕ್ಕಾ. ಹಳ್ಳದ ಅಂಚಿಗಿರೋದು ನನ್ನ ಹುರುಳಿ ಹೊಲ. ಇರೋದೇ ಅದೊಂದು."

"ಇದನ್ನ ಮೊದಲೇ ಹೇಳಬಾರದಿತ್ತಾ?"

"ಬೇಡ ಅಂದರೆ ಸಾಕಾಗ್ತಿತ್ತಲ್ಲ. ಯಾಕೆ ಅಂತ ಯಾರು ಕೇಳಿದರು?"

"ನಾನು ಕೇಳಿದ್ದೆ."

ಮುದ್ದಯ್ಯ ತಲೆ ತಗ್ಗಿಸಿದ. ಮೇಲಿದ್ದ ಕಾಗೆ ಜಾರಿ, ಮತ್ತೆ ಸರಿಯಾಗಿ ಕೂತುಕೊಂಡಿತು.

ದ್ಯಾವಕ್ಕ ಒಂದು ಗಳಿಗೆ ಯೋಚಿಸಿದಳು. ಹುರುಳಿ ಹೋದರೆ ಆ ಮನೆಯಲ್ಲೂ ಅಳುವೇ ತಾನೇ? "ಸಂಕದ ಬಾಯಿಗೊಂದು ಬಿದಿರಿನ ತಟ್ಟಿ ಕಟ್ಟೋಣ. ದಾಟುವವರು ತೆಗೆದು ಮುಚ್ಚಲಿ. ಮೇಕೆಗೇನು ಕೈ ಇದೆಯಾ?"

"ತಟ್ಟಿ ನಾನು ಹೆಣೀತೀನಿ," ಎಂದು ಒಂದು ಮೂಲೆಯಿಂದ ಪಿಸುಮಾತು. "ದಿಮ್ಮಿ ನಮ್ಮನೇದು," ಎಂದು ಇನ್ನೊಂದು ಮೂಲೆಯಿಂದ.

ಪಟೇಲರಿಗೆ ಒಂದೇ ಪೇಚು. "ಕಾಗೆ ಹಾರ್ತಾ ಇಲ್ಲವಲ್ಲ. ತೀರ್ಮಾನ ಹೆಂಗೆ?"

"ಕೈ ಎತ್ತೋಣ ಗೌಡ್ರೇ. ಮೆಲ್ಲಗೆ."

ಒಂದೊಂದಾಗಿ ಕೈಗಳು ಎದ್ದವು. ಎಲ್ಲರಿಗಿಂತ ಕೊನೆಗೆ ಮುದ್ದಯ್ಯನ ಕೈ ಎದ್ದಿತು, ಅದೂ ಅರ್ಧ. "ತಟ್ಟಿ ಗಟ್ಟಿ ಇರಬೇಕು ಮತ್ತೆ," ಎಂದು ಉಸುರಿದ.

ಸಂಕ ಬಂತು. ಮಳೆಗಾಲ ಬಂತು. ಮತ್ತೆ ತಿಥಿ ಬಂತು. ದ್ಯಾವಕ್ಕ ತುಂಬಿದ ಹಳ್ಳದ ಮೇಲೆ ನಡೆದು ಆಚೆ ದಡಕ್ಕೆ ಹೋದಳು. ಎಡೆ ಇಟ್ಟಳು. ತಟ್ಟೆ ತಂದಿರಲಿಲ್ಲ. "ಬನ್ನಿ," ಎಂದಳು, ತನಗೆ ಮಾತ್ರ ಕೇಳುವಷ್ಟು. ಒಂದು ಕಾಗೆ ಬಂದು ಉಂಡು ಹೋಯಿತು.

ಈಗಲೂ ಆ ಊರ ಕೂಟದಲ್ಲಿ ಯಾರಾದರೂ ದನಿ ಏರಿಸಿದರೆ ಪಕ್ಕದವರು ಏನೂ ಅನ್ನುವುದಿಲ್ಲ. ಸುಮ್ಮನೆ ತಲೆ ಎತ್ತಿ ಮರ ನೋಡುತ್ತಾರೆ. ಅಷ್ಟೇ ಸಾಕು.

ಕಥೆ ಸಂಕ ದಾಟಿ ಆಚೆ ಹೋಯಿತು, ನಾವು ಈಚೆ ಉಳಿದೆವು. ಏಳುವಾಗ ತಟ್ಟಿ ಮುಚ್ಚಿ ಬನ್ನಿ, ಮೇಕೆ ಬಂದೀತು.