ಹಳದಿ ಮುಚ್ಚಳದ ಕೆಳಗೆ ನೀಲಿ ಕಾರ್ಡು

ನಾನು, ವಯಸ್ಸು 38 ವರ್ಷ, ಕಸುಬು ಕಂಪ್ಯೂಟರ್ ಬಿಡಿಭಾಗಗಳ ಮಾರಾಟ, ವಾಸ ಅಂಗಡಿಯ ಮೇಲಿನ ಮಹಡಿ, ಬೀದಿಯವರು ಕರೆಯುವುದು ಕಂಪ್ಯೂಟರ್ ಅಕ್ಕ ಎಂದು. ಯಾರೂ ಕರೆಸದಿದ್ದರೂ ಈ ದಿನ ಶನಿವಾರ ಬೆಳಿಗ್ಗೆ 10.15ಕ್ಕೆ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ನಿನ್ನೆ ಮಧ್ಯಾಹ್ನ 3 ಗಂಟೆಗೆ ತಾವು ವಿಚಾರಣೆಗೆ ಕರೆತಂದಿರುವ ನನ್ನ ಚಿಕ್ಕಪ್ಪ, ವಯಸ್ಸು 63, ಗಿರಾಕಿಗೆ ಮೋಸ ಮಾಡಿದವರಲ್ಲ. ಮಾಡಿದವಳು ನಾನು.

ನಮ್ಮ ಅಂಗಡಿ 12 ಅಡಿ ಅಗಲ, 20 ಅಡಿ ಉದ್ದ. ಗಲ್ಲಾದ ಬಳಿ ನಾನು, ಹಿಂದಿನ ಮೇಜಿನಲ್ಲಿ ರಿಪೇರಿಗೆ ಚಿಕ್ಕಪ್ಪ. ಕಂಪ್ಯೂಟರಿನ ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡನ್ನು ನಾವು ಎರಡು ಕಂಪನಿಗಳದು ಇಟ್ಟಿದ್ದೇವೆ. ಡಬ್ಬಿಯ ಬಣ್ಣ ನೋಡಿ ಹಳದಿ, ನೀಲಿ ಎನ್ನುತ್ತೇವೆ. ಹತ್ತು ಜನ ಬಂದರೆ ಒಂಬತ್ತು ಜನ ಕೇಳುವುದು ಹಳದಿ. ಯಾಕೆ ಎಂದರೆ ಒಬ್ಬರು ಸ್ನೇಹಿತನ ಹತ್ತಿರ ಅದೇ ಇದೆ ಎನ್ನುತ್ತಾರೆ. ಇನ್ನೊಬ್ಬರು ಎಂಟು ವರ್ಷದ ಹಿಂದೆ ಭಾವನ ನೀಲಿ ಕಾರ್ಡು ಕೈಕೊಟ್ಟಿತ್ತು ಎನ್ನುತ್ತಾರೆ. ಹಲವರಿಗೆ ಕಾರಣವೇ ಗೊತ್ತಿಲ್ಲ, ಎಲ್ಲರೂ ತಗೊಳ್ತಾರಲ್ಲ ಎನ್ನುತ್ತಾರೆ. ಚಿಕ್ಕಪ್ಪ ಅಂಥವರಿಗೆ, ಹೆಸರು ಬಿಡಿ, ನಿಮಗೆ ಏನು ಕೆಲಸ ಆಗ್ಬೇಕು ಅದನ್ನ ಹೇಳಿ ಎಂದು ಅರ್ಧ ಗಂಟೆ ವಿವರಿಸುತ್ತಾರೆ. ಅವರು ಭಕ್ತಿಯಿಂದ ತಲೆಯಾಡಿಸಿ ಹಳದಿಯನ್ನೇ ಕೊಂಡುಹೋಗುತ್ತಾರೆ.

ಎರಡೂ ಕಂಪನಿಗಳ ಕಾರ್ಡಿಗೆ ಫ್ಯಾನಿನ ಮುಚ್ಚಳ ಮಾಡುವ ಕಾರ್ಖಾನೆ ಒಂದೇ ಆದ್ದರಿಂದ ನಾಲ್ಕು ಸ್ಕ್ರೂ ಬಿಚ್ಚಿದರೆ ಅದರದು ಇದಕ್ಕೆ ಕೂರುತ್ತದೆ. ಕಳೆದ ತಿಂಗಳು ಚಿಕ್ಕಪ್ಪ ಎರಡು ಕಾರ್ಡುಗಳ ಮುಚ್ಚಳ ಅದಲುಬದಲು ಮಾಡಿ, ಪರೀಕ್ಷೆಗೆಂದು ಎರಡು ಕಂಪ್ಯೂಟರಿಗೆ ಹಾಕಿಟ್ಟರು. ಯಾವುದು ಚೆನ್ನಾಗಿದೆ ಹೇಳಿ ಎಂದರೆ 23 ಜನರಲ್ಲಿ 19 ಜನ ಹಳದಿ ಮುಚ್ಚಳ ಕಂಡದ್ದನ್ನೇ ಹೊಗಳಿದರು. ಒಳಗಿದ್ದದ್ದು ನೀಲಿ. ಗುಟ್ಟು ಬಿಚ್ಚಿದಾಗ ಚಿಕ್ಕಪ್ಪ ಭುಜ ಕುಣಿಸಿ ನಗುತ್ತಿದ್ದರು, ಗಿರಾಕಿಗಳೂ ನಗುತ್ತಿದ್ದರು. ಆದರೆ ಈ ಎರಡು ಕಾರ್ಡು ಯಾವತ್ತೂ ಮಾರಾಟಕ್ಕೆ ಹೋಗ್ಬಾರದು ಎಂದು ಅವರು ನನ್ನಿಂದ ಮಾತು ತೆಗೆದುಕೊಂಡಿದ್ದರು.

ದಿನಾಂಕ 9, ಮಂಗಳವಾರ ಬೆಳಿಗ್ಗೆ 11.20ಕ್ಕೆ ಫಿರ್ಯಾದಿ ಅಂಗಡಿಗೆ ಬಂದರು. ಇವರು ಸ್ಕ್ಯಾನ್ ಚಿತ್ರಗಳನ್ನು ನೋಡಿ ಆಸ್ಪತ್ರೆಗೆ ಮೂಳೆಗಳ ಮಾದರಿ ಮಾಡಿಕೊಡುವವರು. ಹಳದಿ ಕೇಳಿದರು. ಚಿಕ್ಕಪ್ಪ ಎಂದಿನಂತೆ ಏನು ಕೆಲಸಕ್ಕೆ ಎಂದು ಕೇಳಿದ್ದಕ್ಕೆ, ಯಜಮಾನ್ರೇ, ನಿಮ್ಮ ಪಾಠ ಬೇಡ, ಇದು ನಿಮ್ಮ ಕಾಲದ ರೇಡಿಯೋ ರಿಪೇರಿ ಅಲ್ಲ ಎಂದರು. ಅಂಗಡಿಯಲ್ಲಿದ್ದ ಇಬ್ಬರು ನಕ್ಕರು. ಚಿಕ್ಕಪ್ಪನಿಗೆ ಸಿಟ್ಟು ಬರಲಿಲ್ಲ. ಯಾವ ಸಾಫ್ಟ್‌ವೇರ್ ಬಳಸುತ್ತೀರಿ ಎಂದು ವಿಚಾರಿಸಿ, ಒಂದು ಚೀಟಿ ಬರೆದು ನನ್ನ ಮುಂದಿಟ್ಟು, ಕಣ್ಣಿನ ಔಷಧಿ ತರಲು ಹೊರಗೆ ಹೋದರು.

ಸಿಟ್ಟು ಬಂದದ್ದು ನನಗೆ. ಒಂಬತ್ತು ವರ್ಷದವಳಿದ್ದಾಗ ನನ್ನ ಕೈ ಹಿಡಿದು ಬೆಸುಗೆ ಹಾಕುವುದನ್ನು ಕಲಿಸಿದವರು ಅವರು. ಚೀಟಿಯನ್ನು ಓದದೆ ಡ್ರಾಯರಿಗೆ ಹಾಕಿದೆ. ಐದು ಹೆಜ್ಜೆ ಹಿಂದಕ್ಕೆ ಹೋಗಿ, ಪರೀಕ್ಷೆಯ ಕಂಪ್ಯೂಟರಿನಿಂದ ಹಳದಿ ಮುಚ್ಚಳದ ನೀಲಿ ಕಾರ್ಡು ಬಿಚ್ಚಿ, ಧೂಳು ಒರೆಸಿ, ಹಳದಿ ಡಬ್ಬಿಗೆ ಹಾಕಿ ಕೊಟ್ಟೆ. ಈತನೂ ನಾಲ್ಕು ದಿನ ಹೊಗಳಲಿ, ಆಮೇಲೆ ಕರೆಸಿ ಚಿಕ್ಕಪ್ಪನ ಎದುರೇ ಮುಚ್ಚಳ ತೆಗೆದು ತೋರಿಸಿ, ಬದಲಾಯಿಸಿ ಕೊಡೋಣ ಎಂಬುದು ನನ್ನ ಲೆಕ್ಕಾಚಾರ. ಕಂಪ್ಯೂಟರು ಖಾಲಿಯಿದ್ದುದರ ಬಗ್ಗೆ ಚಿಕ್ಕಪ್ಪ ಕೇಳಿದಾಗ, ಫ್ಯಾನು ಸದ್ದು ಮಾಡ್ತಿತ್ತು, ಎತ್ತಿಟ್ಟಿದ್ದೀನಿ ಎಂದು ಸುಳ್ಳು ಹೇಳಿದೆ.

ದಿನಾಂಕ 10, ಬುಧವಾರ ಸಂಜೆ 4.10ಕ್ಕೆ ಫಿರ್ಯಾದಿ ಫೋನ್ ಮಾಡಿ, ಸಾಫ್ಟ್‌ವೇರ್ ಕಾರ್ಡೇ ಇಲ್ಲ ಅಂತಿದೆ ಎಂದರು. ಒಂದ್ಸಲ ಆಫ್ ಮಾಡಿ ಆನ್ ಮಾಡಿ ಎಂದೆ. 5.30ಕ್ಕೆ ಮತ್ತೆ ಮಾಡಿ, ಅಕ್ಕಾ, ಅಪಘಾತದಲ್ಲಿ ಪುಡಿಯಾಗಿರೋ ದವಡೆ ಇದು, ನಾಡಿದ್ದು ಬೆಳಿಗ್ಗೆ ಆ ಹೆಂಗಸಿಗೆ ಆಪರೇಷನ್, ಮಾದರಿ ಇಲ್ಲದೆ ಡಾಕ್ಟರ್ ಕೈ ಹಾಕಲ್ಲ ಎಂದರು. ಅವರ ಕಾರ್ಯಾಗಾರ ಅಂಗಡಿಯಿಂದ 900 ಮೀಟರ್. ನನ್ನ ಹಿಂದಿನ ಕಪಾಟಿನಲ್ಲಿ ಅಸಲಿ ಹಳದಿ ಕಾರ್ಡು ಆರು ಇದ್ದವು. ಆದರೂ ನಾಚಿಕೆಗೆ ಬಾಯಿ ಕಟ್ಟಿ, ನಾಳೆ ತನ್ನಿ ನೋಡೋಣ ಎಂದೆ.

ಅವರು ತರಲಿಲ್ಲ. ಗುರುವಾರ ಬೇರೆ ಅಂಗಡಿಯಲ್ಲಿ ಮುಚ್ಚಳ ಬಿಚ್ಚಿಸಿ ನೋಡಿದರು. ಶುಕ್ರವಾರದ ಆಪರೇಷನ್ ಮುಂದಕ್ಕೆ ಹೋಯಿತು. ಅವರ ದೂರಿನ ಮೇಲೆ ನಿನ್ನೆ ತಾವು ಅಂಗಡಿಗೆ ಬಂದಾಗ ಬೀದಿಯವರೆಲ್ಲ ಮುಚ್ಚಳ ಬದಲಿಸುವ ಹುಚ್ಚಿರುವುದು ಈ ಮುದುಕರಿಗೇ ಎಂದರು. ಚಿಕ್ಕಪ್ಪ ಖಾಲಿ ಕಂಪ್ಯೂಟರನ್ನು ನೋಡಿದರು, ನನ್ನನ್ನು ನೋಡಿದರು. ನಾನೇ ಹಾಕಿಕೊಟ್ಟಿದ್ದು ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡರು. ನಾನು ಅಲ್ಲೇ ನಿಂತಿದ್ದೆ.

3.20ಕ್ಕೆ ಡ್ರಾಯರ್ ತೆಗೆದು ಚೀಟಿ ಓದಿದೆ. ಚಿಕ್ಕಪ್ಪನ ಕೈಬರಹದಲ್ಲಿ ಹೀಗಿದೆ: ಇವರು ಕೇಳಿದ್ದು ಸರಿ. ಇವರ ಸಾಫ್ಟ್‌ವೇರ್ ನೀಲಿಯಲ್ಲಿ ಓಡೋದೇ ಇಲ್ಲ. ಹಳದಿನೇ ಕೊಡು. ಹಾಕಿ ನೋಡಿ ಕೊಡು. ಈ ಚೀಟಿಯನ್ನು ಹಾಜರುಪಡಿಸಿದ್ದೇನೆ. ಇದು ಕೈಗೆ ಸಿಕ್ಕ ಮೇಲೂ ಇಲ್ಲಿಗೆ ಬರಲು ನನಗೆ 19 ಗಂಟೆ ಬೇಕಾಯಿತು. ಅವರೇ ಹೊತ್ತುಕೊಂಡರಲ್ಲ, ಹಾಗೇ ಇರಲಿ ಎಂದು ಒಂದು ಗಳಿಗೆ ನನಗೆ ಅನ್ನಿಸಿದ್ದೂ ನಿಜ. ಬರೆದುಕೊಳ್ಳುತ್ತಿದ್ದವರು ಇದು ಬೇಡ ಬಿಡಮ್ಮ ಎಂದರು. ಬೇಕು ಎಂದು ನಾನೇ ಬರೆಸಿದ್ದೇನೆ.

ಈ ದಿನ ಬೆಳಿಗ್ಗೆ 8.30ಕ್ಕೆ ಫಿರ್ಯಾದಿಯ ಕಾರ್ಯಾಗಾರಕ್ಕೆ ಹೋಗಿ ಅಸಲಿ ಹಳದಿ ಕಾರ್ಡು ಕೊಟ್ಟು ಬಂದಿದ್ದೇನೆ. ಅವರು ನನ್ನ ಮುಖ ನೋಡಲಿಲ್ಲ. ಆಪರೇಷನ್ ಮಂಗಳವಾರ ಎಂದಷ್ಟೇ ಹೇಳಿದರು.

ಮೇಲಿನ ಸಂಗತಿಗಳನ್ನು ನನಗೆ ಓದಿ ಹೇಳಲಾಗಿದೆ, ನಾನು ಹೇಳಿದಂತೆಯೇ ಇವೆ, ಸುಳ್ಳಿಲ್ಲ. ಹೊರಗಿನ ಬೆಂಚಿನಲ್ಲಿರುವ ಚಿಕ್ಕಪ್ಪನಿಗೂ ಕೇಳಿಸಲಿ ಎಂದು ಬೇಡಿಕೊಂಡದ್ದರಿಂದ ಗಟ್ಟಿಯಾಗಿ ಓದಲಾಯಿತು. ಓದಿ ಮುಗಿದ ಮೇಲೆ ಅವರು ಬಾಗಿಲಿನಿಂದ ನನ್ನನ್ನು ಕೇಳಿದ್ದು ಒಂದೇ, ಹಾಕಿ ನೋಡಿ ಕೊಟ್ಯಾ ಎಂದು. ಹೂಂ ಚಿಕ್ಕಪ್ಪ, ನೋಡೇ ಕೊಟ್ಟೆ, ಓಡ್ತಿದೆ ಎಂದು ಹೇಳಿ ಸಹಿ ಹಾಕಿರುತ್ತೇನೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 13, ಶನಿವಾರ, ಬೆಳಿಗ್ಗೆ 11.40
ಸಹಿ: (ಹೇಳಿಕೆ ಕೊಟ್ಟವಳು)