ತೋಟಾ ಎಂಬ ತೋಟ

ವೇದಿಕೆಯ ಮೇಲಿರುವ, ಒಮಾನಿನ ಸೊಹಾರಿನ ನಮ್ಮ ಕನ್ನಡ ಬಳಗದ ಅಧ್ಯಕ್ಷರಾದ ಶ್ರೀನಿವಾಸಮೂರ್ತಿಯವರೇ, ಎಲ್ಲರ ಫೋನಿಗೂ ಬೆಳಗಿನ ಐದಕ್ಕೇ ಶುಭೋದಯ ಕಳಿಸುವ ಕಾರ್ಯದರ್ಶಿ ಹರ್ಷಿತ್ ಅವರೇ, ಶಾಲು ಹೊದ್ದು, ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಂಡಿರುವ ಇಂದಿನ ಸನ್ಮಾನಿತರೂ ನನ್ನ ಯಜಮಾನರೂ ಆದ ಸಚ್ಚಿದಾನಂದ ಅವರೇ, ಮತ್ತು ಹಿಂಬಾಗಿಲಿನಿಂದ ಬರುತ್ತಿರುವ ಬಿಸಿಬೇಳೆಬಾತಿನ ಪರಿಮಳವನ್ನು ಇಷ್ಟು ಹೊತ್ತು ಧೈರ್ಯವಾಗಿ ಎದುರಿಸಿರುವ ಸಭಿಕರೇ,

ರಾಜ್ಯೋತ್ಸವದ ಈ ಸಂಜೆ ಇವರಿಗೆ ಕೊಟ್ಟ ಫಲಕದ ಮೇಲೆ ‘ಮರಳುನಾಡಿನ ಹಸಿರು ತೋಟಗಾರ’ ಎಂದು ಬರೆದಿದೆ. ನಮ್ಮ ಮನೆಯ ತೋಟದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ನನ್ನನ್ನು ಕರೆದಿದ್ದಾರೆ. ಹೇಳುತ್ತೇನೆ. ನಾವಿರುವುದು ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ. ನಮ್ಮ ತೋಟದಲ್ಲಿ ಒಂದು ಗಿಡವಿತ್ತು, ತುಳಸಿ. ಅದು ಜೂನ್ ತಿಂಗಳಲ್ಲಿ ತೀರಿಕೊಂಡಿತು. ಕುಂಡ ಮಾತ್ರ ಆರೋಗ್ಯವಾಗಿದೆ.

ಹಾಗಾದರೆ ಈ ಫಲಕ ಹೇಗೆ ಬಂತು? ಬಳಗದವರ ಹವ್ಯಾಸಗಳೇನೆಂದು ಹರ್ಷಿತ್ ವಾಟ್ಸ್ಯಾಪಿನಲ್ಲಿ ಕೇಳಿದ್ದರು. ಕನ್ನಡವನ್ನು ಉಳಿಸಿ ಬೆಳೆಸುವ ನಾವೆಲ್ಲ ಅದನ್ನು ಬರೆಯುವುದು ಇಂಗ್ಲಿಷ್ ಅಕ್ಷರಗಳಲ್ಲಿ ತಾನೆ? ಇವರೂ ಹಾಗೆಯೇ, ‘ತೋಟಾ, ಅದರ ಆಯ್ಕೆ ಮತ್ತು ತುಂಬುವಿಕೆ’ ಎಂದು ಬರೆದರು. ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮ ದೀರ್ಘಕ್ಕೆ ಜಾಗವಿಲ್ಲ. ಬಂದೂಕಿನ ತೋಟಾ ಹೋಗಿ ಹೂವಿನ ತೋಟವಾಯಿತು. ತುಂಬುವಿಕೆ ಎಂದರೆ ಕುಂಡಕ್ಕೆ ಮಣ್ಣು ತುಂಬುವುದು ಎಂದುಕೊಂಡರು. ಹರ್ಷಿತ್, ನೀವು ಮುಖ ಮುಚ್ಚಿಕೊಳ್ಳಬೇಡಿ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದ ನಾನೂ ಮದುವೆಯಾದ ಹೊಸದರಲ್ಲಿ ಇದೇ ತಪ್ಪು ಮಾಡಿದ್ದೆ. ಗಂಡನಿಗೆ ತೋಟಾ ಎಂದರೆ ಪ್ರಾಣ ಎಂದು ಕೇಳಿ, ಮೈಸೂರಿನಿಂದ ಮಲ್ಲಿಗೆ ಬಳ್ಳಿ ತಂದಿದ್ದೆ.

ಹೌದು ಸಭಿಕರೇ. ನಿಮ್ಮ ಮುಂದೆ ಕೂತಿರುವವರು ದೊಡ್ಡ ಪ್ರಾಣಿಗಳ ಬೇಟೆಗೆ ಯಾವ ತೋಟಾ ಸರಿ, ಅದನ್ನು ಕೈಯಾರೆ ಹೇಗೆ ತುಂಬಬೇಕು ಎಂಬ ಶಾಸ್ತ್ರದಲ್ಲಿ ಪಾರಂಗತರು. ಗಾಬರಿಯಾಗಬೇಡಿ. ನಮ್ಮ ಮನೆಯಲ್ಲಿ ಬಂದೂಕಿಲ್ಲ. ಮದ್ದೆಂದರೆ ಕೆಮ್ಮಿನದು ಮಾತ್ರ. ಇವರು ಒಂದು ಸೊಳ್ಳೆಯನ್ನೂ ಬೇಟೆಯಾಡಿದವರಲ್ಲ. ಬಾಗಲಕೋಟೆಯ ಶುದ್ಧ ಸಸ್ಯಾಹಾರಿ. ಮಗಳ ಹುಟ್ಟುಹಬ್ಬಕ್ಕೆ ಮೊಟ್ಟೆ ಹಾಕದ ಕೇಕ್ ಹುಡುಕಿಕೊಂಡು ಬೆಟ್ಟದಾಚೆಯ ಇಬ್ರಿ ಊರಿನವರೆಗೆ ಹೋಗಿ ಬಂದವರು. ಆದರೆ ಆಫ್ರಿಕಾದ ಕಾಡೆಮ್ಮೆ ಎದುರಿಗೆ ಬಂದರೆ ಎಷ್ಟು ತೂಕದ ಗುಂಡು ಬೇಕೆಂದು ಕೇಳಿ, ಊಟದ ತಟ್ಟೆ ಬದಿಗಿಟ್ಟು ಹೇಳುತ್ತಾರೆ. ಕಾಡೆಮ್ಮೆ ಸೊಹಾರಿಗೆ ಬರುವ ಸಾಧ್ಯತೆ ಎಷ್ಟು? ಇವರು ಕೆಲಸ ಮಾಡುವ ಅಲ್ಯೂಮಿನಿಯಂ ಕಾರ್ಖಾನೆಯ ಗೇಟಿನಲ್ಲಿ ಪಾಸ್ ಇಲ್ಲದೆ ನನ್ನನ್ನೇ ಬಿಡುವುದಿಲ್ಲ.

ಈ ಶಾಸ್ತ್ರವನ್ನು ನಾನು ಕಲಿತದ್ದು ಒಲೆಯ ಮುಂದೆ. ಹಿತ್ತಾಳೆಯ ಕೋಶದಲ್ಲಿ ಮದ್ದು ಹೆಚ್ಚು ತುಂಬಿದರೆ ಏನಾಗುತ್ತದೆ ಎಂದು ನಾನು ಕೇಳಿರಲಿಲ್ಲ. ಹೋಳಿಗೆ ತಟ್ಟುತ್ತಿದ್ದೆ, ಅಷ್ಟೇ. ಇವರು ಬಂದು ಪಕ್ಕದಲ್ಲಿ ನಿಂತರು. “ನೋಡು ಚಿತ್ರಾ, ಹೂರಣ ಜಾಸ್ತಿ ಆತಂದ್ರ ಕಣಕ ಹರೀತದ. ಕಮ್ಮಿ ಆತಂದ್ರ ಹೋಳಿಗಿ ಅನಸೂದಿಲ್ಲ. ತೋಟಾದ್ದೂ ಹಂಗ. ಅದರಾಗ ಈ ಊರಿನ ಬಿಸಲಿಗೆ ಮದ್ದಿನ ಒತ್ತಡ ಇನ್ನೂ ಏರತದ. ಬೆಂಗಳೂರಾಗ ಕೂಡಿಸಿದ ಲೆಕ್ಕಾ ಇಲ್ಲಿ ನಡೆಯಂಗಿಲ್ಲ.” ನಾನೆಂದೆ, “ರೀ, ಬೆಂಗಳೂರಿನ ಯಾವ ಲೆಕ್ಕ ಇಲ್ಲಿ ನಡೆದಿದೆ? ಮೊದಲು ತುಪ್ಪ ಕೊಡಿ.” ತುಪ್ಪ ಕೊಟ್ಟರು. ಕೊಡುತ್ತಲೇ, ಗಟ್ಟಿ ಗುಂಡು ಪ್ರಾಣಿಯನ್ನು ದಾಟಿ ಹಿಂದೆ ನಿಂತ ಬಡಪಾಯಿಗೂ ತಗಲುವ ಅಪಾಯವನ್ನು ವಿವರಿಸಿದರು. ಅತ್ತೆಯವರು ಮಗನಿಗೆ ಆಡುವ ಫೋನ್ ಮಾತುಗಳನ್ನು ಹಿಂದೆ ನಿಂತು ಕೇಳಿಸಿಕೊಂಡಿದ್ದ ನನಗೆ ಅದು ಕೂಡಲೇ ಅರ್ಥವಾಯಿತು.

ಇಷ್ಟು ವರ್ಷ ನಾನು ಬೇಡಿಕೊಂಡದ್ದು ಒಂದೇ. ದೇವರೇ, ಈ ಮನುಷ್ಯ ಒಂದು ವಾರ, ಒಂದೇ ಒಂದು ವಾರ ತೋಟಾದ ಸುದ್ದಿ ಎತ್ತದಿರಲಿ. ದೇವರು ದೊಡ್ಡವನು. ಒಂದು ತಿಂಗಳನ್ನೇ ಕೊಟ್ಟಿದ್ದಾನೆ.

ಇದನ್ನು ಹೇಳಬೇಕೆಂದು ಬಂದವಳಲ್ಲ ನಾನು. ಆದರೆ ಇವರನ್ನು ನೋಡಿ. ಮೊದಲಿನ ಸಚ್ಚಿದಾನಂದರಾಗಿದ್ದರೆ, ಹರ್ಷಿತ್ ‘ತೋಟಗಾರ’ ಎಂದ ಕ್ಷಣವೇ ಮೈಕ್ ಕಿತ್ತುಕೊಂಡು ತಿದ್ದುತ್ತಿದ್ದರು. ನಿಮಗೆಲ್ಲ ಊಟ ನಾಳೆ ಸಿಗುತ್ತಿತ್ತು. ಈಗ ಶಾಲು ಹೊದಿಸಿದರು, ಹೊದ್ದರು. ತೋಟಗಾರ ಎಂದರು, ಕೈಮುಗಿದರು. ಪಾಲಕ್ ಬೆಳೆಯುವುದು ಹೇಗೆ ಎಂದು ಅಧ್ಯಕ್ಷರು ಕೇಳಿದಾಗ, “ನೀರ ಹಾಕಬೇಕ್ರೀ” ಅಂದರು. ಇದು ತೋಟಾ ಬಲ್ಲ ಮನುಷ್ಯ ಆಡುವ ಮಾತೇ?

ಕಾರಣ ಹೇಳಿಬಿಡುತ್ತೇನೆ. ಕಳೆದ ತಿಂಗಳು ಇವರ ಸಹೋದ್ಯೋಗಿ, ಮಂಗಳೂರಿನ ಟೆರೆನ್ಸ್, ನಮ್ಮನ್ನು ಬುರೈಮಿಯ ಹತ್ತಿರ ದೇಶದ ಗಡಿ ದಾಟಿ ಒಂದು ಶೂಟಿಂಗ್ ಕ್ಲಬ್ಬಿಗೆ ಕರೆದುಕೊಂಡು ಹೋದರು. ನಡುಪ್ರಾಯದಲ್ಲಿ ಮೊದಲ ಬಾರಿಗೆ ನಿಜವಾದ ಬಂದೂಕು! ದಾರಿಯುದ್ದಕ್ಕೂ ಇವರ ಉಪನ್ಯಾಸ. ಕ್ಲಬ್ಬಿನವರು ಕೈಗೆ ಕೊಟ್ಟದ್ದು ಎಲ್ಲಕ್ಕಿಂತ ಚಿಕ್ಕದು, ಪಾಯಿಂಟ್ ಟೂ ಟೂ. ಕಾಡೆಮ್ಮೆಗೆ ಲೆಕ್ಕ ಹಾಕಿದ ಕೈಗೆ ಅಳಿಲಿಗಾಗುವಷ್ಟು. ಹೋಗಲಿ. ಇವರು ನಿಂತರು, ಉಸಿರು ಹಿಡಿದರು, ಗುರಿ ನೋಡಿದರು. ಸದ್ದು ಬರುವ ಮೊದಲೇ ಎರಡೂ ಕಣ್ಣು ಮುಚ್ಚಿದರು. ಪ್ರತಿ ಸಲವೂ. ಎದುರಿಗೆ ಗುರಿಗಿಟ್ಟಿದ್ದ ಕಾಗದ, ಅಂಗಡಿಯಿಂದ ಈಗಷ್ಟೇ ತಂದಂತೆ ಇತ್ತು.

“ಎಂಥ ಸಾರ್, ಕಣ್ಣು ಮುಚ್ಚಿ ಹೊಡೆದ್ರೆ ಹೇಗೆ ಮಾರಾಯ್ರೇ? ಮೇಡಮ್, ನೀವು ಒಂದು ಸಲ ನೋಡಿ” ಎಂದರು ಟೆರೆನ್ಸ್. ನಾನು ತಮಾಷೆಗೆ ತೆಗೆದುಕೊಂಡೆ. ಗುಂಡು ನಡುವಿನ ಕಪ್ಪು ಚುಕ್ಕೆಗೆ ಹೋಯಿತು. ಎರಡನೆಯದೂ ಅದರ ಪಕ್ಕಕ್ಕೇ ಹೋಯಿತು. ಟೆರೆನ್ಸ್ ಚಪ್ಪಾಳೆ ತಟ್ಟಿದರು. “ಸಾರ್, ಅಡುಗೆ ಪುಸ್ತಕ ನಿಮ್ದು, ಅಡುಗೆ ಮೇಡಮ್‌ದು!”

ಎಲ್ಲರೂ ನಕ್ಕರು. ಇವರೂ ನಕ್ಕರು. ನಾನು? ನಾನು ಮೂರನೆಯ ಗುಂಡನ್ನೂ ಕೊಡಿ ಎಂದು ಕೇಳಿದೆ. ಯಾಕೆ ಕೇಳಿದೆ? ಗಂಡನ ಮುಖ ನೋಡಿ ಬಂದೂಕು ಕೆಳಗಿಡುವುದು ಹೆಂಡತಿಯ ಧರ್ಮವಾಗಿತ್ತೇ? ಇಡುವ ಮನಸ್ಸಾಗಲಿಲ್ಲ. ಅದು ನನಗೆ ಬಹಳ ಹಿಡಿಸಿತ್ತು. ಅದಕ್ಕಾಗಿ ಕ್ಷಮೆ ಕೇಳಬೇಕೆಂದು ಈಗಲೂ ಅನಿಸುತ್ತಿಲ್ಲ. ಆದರೆ ವಾಪಸು ಬರುವಾಗ, ಬೆಟ್ಟಗಳ ನಡುವಿನ ಆ ಉದ್ದ ರಸ್ತೆಯಲ್ಲಿ, ಇವರು ಹವಾಮಾನದ ಬಗ್ಗೆ ಮಾತಾಡಿದರು. ಒಮಾನಿನ ಹವಾಮಾನದಲ್ಲಿ ಮಾತಾಡುವಂಥದ್ದು ಏನಿದೆ?

ಅಂದಿನಿಂದ ನಮ್ಮ ಮನೆ ಶಾಂತಿಧಾಮ. ಹೋಳಿಗೆ ಮಾಡಿದೆ, ಸುಮ್ಮನೆ ತಿಂದರು. ಬೇಕೆಂದೇ ಹೂರಣ ಹೆಚ್ಚು ತುಂಬಿ ಕಣಕ ಹರಿದೆ. “ರುಚಿ ಆಗ್ಯದ” ಅಂದರು. ಮಗಳು ಖುಷಿ ಒಂದು ದಿನ ಕೇಳಿದಳು, “ಮಮ್ಮಾ, ವೈ ಈಸ್ ಡ್ಯಾಡ್ ಆನ್ ಮ್ಯೂಟ್?” ಗುರಿ ತಪ್ಪಿದವನಿಗೆ ಮಾತಾಡುವ ಹಕ್ಕಿಲ್ಲ ಎಂದು ಇವರು ತಾವೇ ತೀರ್ಪು ಕೊಟ್ಟುಕೊಂಡಿದ್ದಾರೆ. ಆ ನಿಯಮ ಜಾರಿಗೆ ಬಂದರೆ, ಸಭಿಕರೇ, ಬೆಳಿಗ್ಗೆಯಿಂದ ಈ ವೇದಿಕೆಯ ಮೇಲೆ ಕನ್ನಡದ ಬಗ್ಗೆ ಮಾತಾಡಿದ ನಾವೆಷ್ಟು ಜನ ಉಳಿಯುತ್ತೇವೆ? ಅಧ್ಯಕ್ಷರು ಕ್ಷಮಿಸಬೇಕು.

ನಾನು ಬೇಡಿ ಪಡೆದ ಶಾಂತಿ ನನಗೆ ಬೇಡವಾಗಿದೆ. ಇದನ್ನು ಮನೆಯಲ್ಲಿ ಹೇಳಲು ನೋಡಿದೆ. “ಏನೂ ಇಲ್ಲ ಬಿಡು, ಆರಾಮ ಇದ್ದೀನಿ” ಎಂದು ಟಿವಿಯ ಕಡೆ ತಿರುಗಿದರು. ಆದ್ದರಿಂದ ಸಮಾಧಾನದ ಮಾತು ಬಿಟ್ಟು, ಸನ್ಮಾನಿತರ ವಿದ್ಯೆಯನ್ನು ನಾನೇ ಸಭೆಗೆ ಪರಿಚಯಿಸಿ ಮುಗಿಸುತ್ತೇನೆ. ಎರಡು ಸಲ ಗುರಿ ಮುಟ್ಟಿದವಳಲ್ಲವೇ? ಅಧಿಕಾರವಾಣಿಯಿಂದಲೇ ಹೇಳುತ್ತೇನೆ.

ಆಫ್ರಿಕಾದ ಕಾಡೆಮ್ಮೆಗೆ ದೊಡ್ಡ ತೋಟಾ ಬೇಕೆಂಬುದು ಬರೀ ಮೂಢನಂಬಿಕೆ. ಜಿಂಕೆಗೆ ಹೊಡೆಯುವ ಆರೂವರೆ ಮಿಲಿಮೀಟರಿನದೇ ಧಾರಾಳ ಸಾಕು.

ಗುಂಡು ಎಷ್ಟು ಹಗುರವಾಗಿದ್ದರೆ ಅಷ್ಟು ಒಳ್ಳೆಯದು. ಎಮ್ಮೆಗೂ ನೋವಾಗಬಾರದಲ್ಲ.

ಬಾಗಲಕೋಟೆಯ ಕಡೆಯಿಂದ ಒಂದು ಕೆಮ್ಮು ಕೇಳಿಸಿತು. ಇರಲಿ. ಇನ್ನು ಮದ್ದು. ಅದನ್ನು ತೂಕ ಮಾಡುವವರೆಲ್ಲ ಹೆದರುಪುಕ್ಕಲರು. ಉಪ್ಪು ಹಾಕಿದ ಹಾಗೆ ಕೈಯಂದಾಜಿನಲ್ಲಿ ಹಾಕಿದರೆ ಆಯಿತು. ತುಂಬಿದ ಮೇಲೆ ತೋಟಾಗಳನ್ನು ಹಪ್ಪಳ ಸಂಡಿಗೆಯಂತೆ ಜುಲೈ ತಿಂಗಳ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಬೇಕು. ಆಗ...

ಅಧ್ಯಕ್ಷರೇ, ಒಂದು ನಿಮಿಷ. ಹಣ್ಣಿನ ಬುಟ್ಟಿ ಕೆಳಗಿಳಿಯಿತು. ಶಾಲೂ ಜಾರಿತು. ಏನ್ರೀ? ಏನಂದಿರಿ? ಸಭಿಕರಿಗೆ ಕೇಳಿಸುತ್ತಿಲ್ಲ. “ತಲಿ ಕೆಟ್ಟದೇನು ನಿನಗ, ಬಂದೂಕ ಒಡದು ಮಾರಿ ಮ್ಯಾಲ ಬರ್ತದ” ಅನ್ನುತ್ತಿದ್ದಾರೆ. ಇಷ್ಟು ಜನರ ಮುಂದೆ ಗಂಡನಿಂದ ಬೈಸಿಕೊಂಡು ಇಷ್ಟು ಸಂತೋಷಪಟ್ಟ ಹೆಂಗಸು ಬಹುಶಃ ನಾನೊಬ್ಬಳೇ ಇರಬೇಕು.

ಹರ್ಷಿತ್, ದಯವಿಟ್ಟು ಮೈಕನ್ನು ಅವರ ಎತ್ತರಕ್ಕೆ ಏರಿಸಿ. ಅಡುಗೆಯವರಿಗೆ ಒಲೆ ಸಣ್ಣಗೆ ಮಾಡಲು ಹೇಳಿ. ನನ್ನ ಮಾತು ಕೇಳಿದ್ದಕ್ಕೆ ನಿಮಗೆಲ್ಲ ವಂದನೆಗಳು. ಇನ್ನು ಮುಂದಿನದನ್ನು ಕೇಳಲಿರುವುದಕ್ಕೆ, ಹಸಿದ ಹೊಟ್ಟೆಗಳೇ, ನಿಮಗೆ ಮುಂಗಡ ವಂದನೆಗಳು. ಬನ್ನಿ ರೀ, ಬಂದು ನನ್ನನ್ನು ತಿದ್ದಿ. ನಮಸ್ಕಾರ.