ಕೊನೆಯ ಅಲ್ಪವಿರಾಮದ ಆಚೆ

...ಇಲ್ಲ ಅತ್ತಿಗೆ, ನಾನು ಮುಟ್ಟಿಲ್ಲ! ಕಂಪ್ಯೂಟರ್ ತಪ್ಪು ಮಾಡಿದ್ರೆ ನನ್ನನ್ನ ಯಾಕೆ ಹಾಗೆ ನೋಡ್ತೀರಿ? ಕೂತ್ಕೊಳ್ಳಿ. ಆ ಕುರ್ಚಿ ಅಲ್ಲಾಡುತ್ತೆ, ಈ ಕಡೆ ಬನ್ನಿ.

ಹೌದು, ನೆನಪಿನ ಪುಸ್ತಕದಲ್ಲಿ ಒಂದು ಪುಟ ಕಮ್ಮಿ. ಕರಡು ತಿದ್ದೋರು ನೀವು, ನಿಮ್ಮ ಕಣ್ಣಿಗೆ ಬೀಳದೆ ಇರುತ್ತಾ? ದೋಣಿ ಮುಳುಗಿ ಹೋದವರಿಗೆಲ್ಲ ಒಂದೊಂದು ಪುಟ, ಮೇಲೆ ಹೆಸರು, ಕೆಳಗೆ ಮನೆಯವರ ನಾಲ್ಕು ಮಾತು... ಕೇಳಿಸ್ತಿದೆ, ಪ್ರೆಸ್ ಯಜಮಾನರು ಕೆಳಗಿಂದ ಕೂಗ್ತಿದ್ದಾರೆ. ಮಿಷನ್‌ಗೆ ಕಾಗದ ಏರಿಸಿ ಕೂತಿದ್ದಾರಂತೆ. ಕೂಗಲಿ ಬಿಡಿ!

ಹೇಗಾಯ್ತು ಅಂದ್ರೆ... ನಾನು ಒಂದೊಂದೇ ಪುಟ ಕೂತು ಕಟ್ಟಲ್ಲ. ಮ್ಯಾಕ್ರೋ ಬರೆದಿದ್ದೀನಿ, ಪುಟ ತಾನೇ ಕಟ್ಟೋ ಪುಟ್ಟ ಪ್ರೋಗ್ರಾಂ. ಹೆಸರುಗಳನ್ನ ಸಾಲಾಗಿ ಕೊಟ್ರೆ ಸಾಕು, ನಡುವೆ ಅಲ್ಪವಿರಾಮ. ಮೊದಲನೇ ಹೆಸರು ತಗೊಳ್ಳುತ್ತೆ, ಪುಟ ಮಾಡುತ್ತೆ, ಉಳಿದ ಸಾಲು ಹಿಡ್ಕೊಂಡು ತನ್ನನ್ನ ತಾನೇ ಮತ್ತೆ ಕರೆಯುತ್ತೆ. ಮತ್ತೊಂದು ಹೆಸರು, ಮತ್ತೊಂದು ಪುಟ. ಗಾಣದ ಎತ್ತು ನೋಡಿ!

ಯಾಕೆ ನಗ್ತೀರಿ? ನಗ್ತಿಲ್ವಾ... ಸರಿ.

ದೋಣೀಲಿದ್ದ ಮೇಷ್ಟ್ರ ಹೆಸರಿನ ಜೊತೆ ಪದವಿ ಸೇರಿಸಿದ್ರಲ್ಲ, ಅದರೊಳಗೂ ಒಂದು ಅಲ್ಪವಿರಾಮ. ಒಬ್ಬ ಮನುಷ್ಯ ಎರಡು ಪುಟ ಆಗ್ಬಿಟ್ರು! ಬೆಳಗ್ಗೆಯಿಂದ ಅದನ್ನೇ ಸರಿಮಾಡ್ತಿದ್ದೆ. ಆ ಗಡಿಬಿಡೀಲಿ ಕೊನೇ ಹೆಸರು ಜಾರಿರ್ಬೇಕು. ಕೊನೇದು ಜಾರೋದು ಈ ಕೆಲಸದಲ್ಲಿ ಮಾಮೂಲು, ಅತ್ತಿಗೆ. ದೇವರಾಣೆ...

ಪರದೆ ಹತ್ರ ಯಾಕೆ ಬಗ್ಗಿದ್ರಿ? ಅಲ್ಲೇನೂ ಇಲ್ಲ. ಅದು 'ನಿಲ್ಲು' ಅನ್ನೋ ಗುರುತು, ಅಷ್ಟೇ. ಅದು ಕಂಡ ಕೂಡ್ಲೆ ಸುತ್ತು ಮುಗೀತು. ಅದಿಲ್ದಿದ್ರೆ ಎಲ್ಲಿ ನಿಲ್ಲಬೇಕು ಅಂತ ಮ್ಯಾಕ್ರೋಗೆ ತಿಳಿಯಲ್ಲ. ಬೆರಳು ತೆಗೀರಿ. ತೆಗೀರಿ ಅಂದೆನಲ್ಲ!

ಹೌದು... ಅದು ಸಾಲಿನ ಕೊನೇಲಿ ಇರಬೇಕಿತ್ತು. ಹೌದು, ಅದರ ಆಚೆ ಇನ್ನೊಂದು ಹೆಸರಿದೆ.

ಬೇಕಾದ್ರೆ ಬೈಯಿರಿ.

ಎಲ್ಲರನ್ನೂ ನೀರು ವಾಪಸ್ ಕೊಡ್ತು. ನಿಮ್ಮ ತಮ್ಮನ್ನ ಕೊಡಲಿಲ್ಲ. ಕೊಡದೇ ಇದ್ರೂ ಪುಸ್ತಕ ಮಾಡಿಸೋರು ಹೋದವರ ಸಾಲಿಗೆ ಸೇರಿಸಿ ಕಳಿಸಿದ್ರು, ನೀನೇ ಪುಟ ಕಟ್ಟು ಅಂತ. ಯಾರಾದ್ರೂ ಗಂಡನ ಪುಟ ಕಟ್ತಾರಾ, ಅತ್ತಿಗೆ? ಹೆಸರು ಅಳಿಸೋಣ ಅಂತ ಹೋದೆ... ಅಳಿಸಿದ್ರೂ ಇಲ್ಲ ಅಂದ ಹಾಗೆ, ಅಚ್ಚು ಹಾಕಿಸಿದ್ರೂ ಇಲ್ಲ ಅಂದ ಹಾಗೆ! ಅದಕ್ಕೆ ಅವರ ಹೆಸರಿಗಿಂತ ಮೊದಲೇ 'ನಿಲ್ಲು' ತಂದಿಟ್ಟೆ. ನಾನೇ. ಬೇಕಂತಲೇ.

ಮೆಟ್ಟಿಲು ಹತ್ತಿ ಬರ್ತಿದ್ದಾರೆ ಯಜಮಾನರು. ಹೇಳಿಬಿಡಿ ಅವರಿಗೆ... ಅತ್ತಿಗೆ? ಪೆನ್ನು ಯಾಕೆ? ಕರಡಿನ ಮೇಲೆ ಏನು ಬರೀತಿದ್ದೀರಿ? 'ಸರಿ ಇದೆ' ಅಂತಾನಾ?... ಬೇಡ, ಬೇಡ! ಒಂದು ತಪ್ಪು ಉಳಿಸಿ ಸಹಿ ಹಾಕಿದವರಲ್ಲ ನೀವು, ಅತ್ತಿಗೆ...